ಅರ್ಧಕ್ಕಿಳಿದ ಸದ್ದು

ಚಿನ್ನದ ಗಣಿಯ ತಳದಲ್ಲಿ ಬಂಡೆ ಸಿಡಿದ ದಿನ ಎಲೆಕ್ಟ್ರಿಷಿಯನ್ ಕೋದಂಡಪ್ಪನ ಎರಡೂ ಕಣ್ಣು ಹೋದವು. ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನಲ್ಲಿದ್ದ ಕಂಪನಿ ಮನೆಯನ್ನು ಬಿಡಬೇಕಾಯಿತು. ಹೆಂಡತಿ ಅನಸೂಯಮ್ಮ ಅವನನ್ನು ಬಂಗಾರಪೇಟೆಗೆ ಕರೆತಂದು, ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದು, ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೂಲಿಗೆ ಸೇರಿದಳು.

ಅವನ ಹಳೆಯ ಜೊತೆಗಾರ ಪೆರುಮಾಳ್ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ಒಂದು ದಿನ ಬೆಂಗಳೂರಿನಿಂದ ತಂದಿದ್ದ, ಬಿಡಿಭಾಗ ಕೂಡಿಸಿ ರೇಡಿಯೊ ಮಾಡುವ ಕಿಟ್ಟನ್ನು ಕೋದಂಡಪ್ಪನ ಮಡಿಲಲ್ಲಿಟ್ಟ.

"ಅಣ್ಣಾ, ಈ ಕೆಲಸಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ಇದನ್ನ ಕೂಡ್ಸಿ ತೋರ್ಸು. ಅಂಗಡೀಲಿ ನಿನಗೂ ಒಂದು ಸ್ಟೂಲ್ ಆಕ್ತೀನಿ."

ಅಂದಿನಿಂದ ಕೋದಂಡಪ್ಪನಿಗೆ ಮತ್ತೆ ಊಟ ರುಚಿಸತೊಡಗಿತು. ಮಂಡಿಯಿಂದ ಬಂದ ಅನಸೂಯಮ್ಮ ಕೈ ತೊಳೆದು ಕೂರುವಷ್ಟರಲ್ಲಿ ಅವನು ಬಿಡಿಭಾಗಗಳನ್ನು ತಡವಿ ಜೋಡಿಸಿಟ್ಟಿರುತ್ತಿದ್ದ. ಅವಳು ರೆಸಿಸ್ಟರುಗಳ ಮೇಲಿನ ಗುರುತಿನ ಪಟ್ಟಿಗಳ ಬಣ್ಣ ಹೇಳುವಳು, ಅವನು ಜಾಗ ಹೇಳುವನು, ಅವಳು ಬೆಸುಗೆ ಹಾಕುವಳು. ಬೆರಳು ಸುಟ್ಟುಕೊಂಡರೂ ಸದ್ದು ಮಾಡುತ್ತಿರಲಿಲ್ಲ.

ಡಿವೈಡರ್ ಹಂತ ಮುಗಿಯಿತು. ಒಳಗೆ ಬಂದ ಕಂಪನವನ್ನು ಅರ್ಧಕ್ಕೆ, ಮತ್ತೆ ಅದರರ್ಧಕ್ಕೆ ಇಳಿಸಿ ಮುಂದಕ್ಕೆ ಕಳಿಸುವುದು ಅದರ ಕೆಲಸ. ರೇಡಿಯೊದೊಳಗಿನ ಕಂಪನದ ವೇಗ ಕಿವಿಗೆ ಸಿಕ್ಕುವಂಥದ್ದಲ್ಲ. ಹಾಗಾಗಿ ಪರೀಕ್ಷೆಗೆಂದು ಪೆರುಮಾಳ್ ಭಾನುವಾರ ಶಿಳ್ಳೆ ಹೊರಡಿಸುವ ಸಣ್ಣ ಪೆಟ್ಟಿಗೆಯೊಂದನ್ನೂ ಒಂದು ಸ್ಪೀಕರನ್ನೂ ತಂದ. ಕೀರಲು ಶಿಳ್ಳೆ ಒಳಹೋಗಿ ದಪ್ಪ ದನಿಯಾಗಿ ಹೊರಬಂದರೆ ಗೆದ್ದಂತೆ.

ಮೊದಲು ಸ್ಪೀಕರಿನ ತಂತಿಯನ್ನು ಶಿಳ್ಳೆ ಡಿವೈಡರಿನೊಳಗೆ ಬರುವ ಕಡೆಗೇ ಮುಟ್ಟಿಸಿ ಸ್ವಿಚ್ ಒತ್ತಿದ. ಹಲ್ಲು ಜುಮ್ಮೆನ್ನುವಂಥ ಶಿಳ್ಳೆ ಕೋಣೆಯನ್ನೆಲ್ಲ ತುಂಬಿತು. ಅನಸೂಯಮ್ಮ ಕಿವಿ ಮುಚ್ಚಿಕೊಂಡಳು.

"ಸ್ವಿಚ್ ಆಕೋ ಪೆರುಮಾಳ್, ಯಾಕೆ ಸುಮ್ನಿದ್ದೀಯ?" ಎಂದ ಕೋದಂಡಪ್ಪ.

ಪೆರುಮಾಳ್ ಅನಸೂಯಮ್ಮನ ಮುಖ ನೋಡಿದ. ಶಿಳ್ಳೆ ಕೂಗುತ್ತಲೇ ಇತ್ತು.

"ಆಕಿದ್ದೀನಿ ಅಣ್ಣಾ."

"ಏನೂ ಬರ್ತಿಲ್ವಲ್ಲೋ."

ಅನಸೂಯಮ್ಮನ ಬಾಯಿಂದ ಮಾತು ತಾನಾಗಿ ಹೊರಟಿತು. "ತಂತಿ ಬಿಟ್ಕೊಂಡದೆ ಅನ್ಸುತ್ತೆ. ಇರ್ರಿ, ಇನ್ನೊಂದ್ಸಲ ಬೆಸುಗೆ ಆಕ್ತೀನಿ." ಗಟ್ಟಿಯಾಗಿಯೇ ಇದ್ದ ಬೆಸುಗೆಗೆ ಮತ್ತೆ ಕಾವು ಮುಟ್ಟಿಸಿದಳು.

ಪೆರುಮಾಳ್ ಏನು ಮಾಡಲೂ ತೋಚದೆ ಸ್ಪೀಕರಿನ ತಂತಿಯನ್ನು ಡಿವೈಡರಿನ ಕೊನೆಗೆ ಮುಟ್ಟಿಸಿದ. ಶಿಳ್ಳೆ ನಿಂತು ದಪ್ಪ ದನಿ ಹೊರಟಿತು.

"ಬಂತು! ಬಂತು ಕಣೇ!" ಕೋದಂಡಪ್ಪ ತೊಡೆ ತಟ್ಟಿಕೊಂಡ. "ಎಲ್ಲಿಗೆ ಆಕ್ದೆ, ಈ ತುದಿಗಾ?"

"ಊಂ, ಕೊನೇದಕ್ಕೆ."

"ಮತ್ತೆ ಒಳಗಿನ ತಂತಿ, ನಿಜವಾಗ್ಲೂ ಬಿಟ್ಕೊಂಡಿತ್ತಾ?"

"ಇಲ್ಲ ಅಣ್ಣಾ, ಗಟ್ಟಿಯಾಗೇ ಇತ್ತು," ಎಂದ ಪೆರುಮಾಳ್. ಕೋದಂಡಪ್ಪನ ನಗು ಮೆಲ್ಲಗೆ ಆರಿತು. ಒಳಗೆ ಏನೂ ಹೋಗದೆ ಹೊರಗೆ ಅದರ ಅರ್ಧದರ್ಧ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಅನಸೂಯಾ, ಮೊದ್ಲಿಂದ್ಲೂ ಕೂಗ್ತಿತ್ತಾ?"

"ಊಂ," ಎಂದಳು.

"ಇನ್ನೊಂದ್ಸಲ ಆಕು."

ಪೆರುಮಾಳ್ ತಂತಿ ಬದಲಿಸಿದ. ಕೋದಂಡಪ್ಪ ಸ್ಪೀಕರನ್ನು ಎತ್ತಿ ಒಂದು ಕಿವಿಗೆ, ಆಮೇಲೆ ಇನ್ನೊಂದಕ್ಕೆ ಒತ್ತಿ ಹಿಡಿದ. ಆಮೇಲೆ ಚಾಪೆಯ ಮೇಲಿಟ್ಟು, "ಆರ್ಸಪ್ಪಾ, ನಿಮ್ ಕಿವಿ ಯಾಕೆ ನೋಯ್ಬೇಕು," ಎಂದ.

ಆಸ್ಪತ್ರೆಯ ಡಾಕ್ಟರು ಪರೀಕ್ಷಿಸಿ, ಸಿಡಿತದ ಪೆಟ್ಟು ಎರಡೂ ಕಿವಿಗೆ ಬಿದ್ದಿದೆ, ಶಿಳ್ಳೆಯಂಥ ಕೀರಲು ಸದ್ದು ಆಗಲೇ ಹೋಗಿದೆ, ಉಳಿದದ್ದೂ ಹೋಗುತ್ತಾ ಬರುತ್ತದೆ ಎಂದರು. ಪೆರುಮಾಳ್ ಸ್ಟೂಲಿನ ಮಾತೆತ್ತಲಿಲ್ಲ. ಕೆಲವು ವಾರಗಳ ನಂತರ ಮಾರಿಕುಪ್ಪಂನಿಂದ ರೈಲಿನಲ್ಲಿ ಬಂದು ಹೋಗುವ ಒಬ್ಬನನ್ನು ಅಂಗಡಿಗೆ ಇಟ್ಟುಕೊಂಡ. ಅನಸೂಯಮ್ಮನಿಗೆ ಪೆರುಮಾಳನ ಮೇಲೆ ಸಿಟ್ಟು ಬರಲಿಲ್ಲ.

ಒಂದು ಸಂಜೆ ಅವಳು ಮಂಡಿಯಿಂದ ಬಂದು ಒಲೆ ಹಚ್ಚುವಾಗ ಕೋದಂಡಪ್ಪ ತಡವುತ್ತಾ ಬಂದು ಪಕ್ಕದಲ್ಲಿ ಕೂತ.

"ಏನಾದ್ರೂ ಮಾತಾಡೇ."

"ಏನ್ ಮಾತಾಡ್ಲಿ?"

"ಏನಾದ್ರೂ ಸರಿ. ಕೇಳ್ಸೋವಷ್ಟು ದಿನ ಕೇಳ್ತೀನಿ."

ಅವಳು ಸ್ವಲ್ಪ ಹೊತ್ತು ಬೆಂಕಿ ಊದಿದಳು. ಆಮೇಲೆ, ಆ ದಿನ ಮಂಡಿಗೆ ಕೊಳೆತ ಟೊಮೆಟೊ ಲೋಡು ಬಂದದ್ದನ್ನೂ ಅದನ್ನು ದನಗಳೂ ಮೂಸದೆ ಹೋದದ್ದನ್ನೂ ಹೇಳತೊಡಗಿದಳು.