ಮುನ್ನೂರ ಹದಿನೆಂಟನೆಯ ಸದಸ್ಯೆ

ಮೂವತ್ತರ ಆಸುಪಾಸಿನ ಹೆಂಗಸು ಯಾರಾದರೂ ಗೇಟು ದಾಟಿ ಬಂದರೆ ಸಾಕು, ಸಂಶೋಧನೆಯ ಹುಡುಗಿ ಕೈಯಲ್ಲಿದ್ದ ಮಡಚುವ ಕುರ್ಚಿಯನ್ನು ಅರ್ಧ ಬಿಡಿಸಿದಂತೆಯೇ ಗೋಡೆಗೆ ಒರಗಿಸಿ ಎದುರು ಹೋಗುತ್ತಿದ್ದಳು.

"ನೀವು ಮೇಷ್ಟ್ರ ಲೈಬ್ರರಿಗೆ ಬರ್ತಿದ್ರಾ?"

ಮೊದಲು ಬಂದವಳು ಪಕ್ಕದ ಮನೆಯ ಸೊಸೆ. ಎರಡನೆಯವಳು ಬಾಗಿಲು ತಪ್ಪಿ ಬಂದ ಕೊರಿಯರ್‌ನವಳು; ವಿಷಯ ತಿಳಿದು ಚಪ್ಪಲಿ ಬಿಟ್ಟು ಒಂದು ನಿಮಿಷ ನಿಂತು ಹೋದಳು. ಮೂರನೆಯವಳು ಹುಬ್ಬೇರಿಸಿ, "ಲೈಬ್ರರಿನಾ? ಅದಿನ್ನೂ ಇದೆಯಾ?" ಎಂದಳು.

ಒಳಗೆ ನಡುಮನೆಯಲ್ಲಿ ಮೇಷ್ಟ್ರು ಮಲಗಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮಾರುಕಟ್ಟೆಯ ಹಿಂದಿನ ಬೀದಿಯ ಶಾಖಾ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಪುಸ್ತಕ ಕೊಟ್ಟು, ಕೊಟ್ಟದ್ದನ್ನು ವಾಪಸು ತೆಗೆದುಕೊಂಡವರು. ಮೊನ್ನೆ ಊಟವಾದ ಮೇಲೆ ಮೇಜಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಸಂಜೆ ಎದುರಿನ ಕ್ಷೌರದಂಗಡಿಯವನು ನೋಡುವವರೆಗೆ ಒಬ್ಬ ಓದುಗನೂ ಒಳಗೆ ಕಾಲಿಟ್ಟಿರಲಿಲ್ಲ.

"ಬೀದಿಯವರೆಲ್ಲ ಉಶ್ ಮೇಷ್ಟ್ರು ಅಂತ ಕರೀತಿದ್ರು ನಮ್ಮ ಭಾವನ್ನ," ಎಂದು ಮೇಷ್ಟ್ರ ಹೆಂಡತಿಯ ತಮ್ಮ ಜಗಲಿಯಲ್ಲಿ ಕೂತವರಿಗೆ ಹೇಳುತ್ತಿದ್ದ. "ಸದ್ದು ಮಾಡೋಕೆ ಅಲ್ಲಿ ಯಾರಿದ್ರು ಹೇಳಿ? ಜಿರಳೆಗಳಿಗೆ ಉಶ್ ಅಂತಿದ್ರೋ ಏನೋ." ಒಬ್ಬಿಬ್ಬರು ನಕ್ಕರು. ಅವನ ಮುಖದಲ್ಲಿ ಮಾತ್ರ ನಗುವಿರಲಿಲ್ಲ. "ಇಪ್ಪತ್ತನಾಲ್ಕು ವರ್ಷ ಆಯ್ತು, ಈ ಮನೆಗೆ ಇಷ್ಟು ಜನ ಬಂದು," ಎಂದು ಮೆಲ್ಲಗೆ ಸೇರಿಸಿದ.

ಹುಡುಗಿ ಮತ್ತೆ ಗೇಟಿನ ಕಡೆ ನೋಡಿದಳು. ಗ್ರಂಥಾಲಯ ವಿಜ್ಞಾನದ ವಿಭಾಗಕ್ಕೆ ಅವಳು ಪ್ರಬಂಧ ಒಪ್ಪಿಸಲು ನಾಲ್ಕು ದಿನ ಉಳಿದಿತ್ತು. ಗಡುವನ್ನು ಎರಡು ಸಲ ಮುಂದೂಡಿಸಿಕೊಂಡಾಗಿತ್ತು. ಮೂರನೆಯ ಸಲವೆಂಬುದು ಇರಲಿಲ್ಲ. ಪ್ರಬಂಧದ ಜೀವವೆಲ್ಲ ಆ ಲೈಬ್ರರಿಯ ಒಬ್ಬ ಸದಸ್ಯೆಯಲ್ಲಿತ್ತು. ಅವಳನ್ನು ಹುಡುಗಿ ಇದುವರೆಗೆ ಕಂಡಿರಲಿಲ್ಲ. "ಅವಳ ಜೊತೆ ಅರ್ಧ ಗಂಟೆ ಕೂತು ಮಾತಾಡ್ಕೊಂಡು ಬಾ," ಎಂದಿದ್ದರು ಮಾರ್ಗದರ್ಶಕಿ. "ಬರೀ ಅಂಕಿ ನಂಬಿ ನಾನು ಮುಂದಕ್ಕೆ ಕಳಿಸಲ್ಲ."

ಇಪ್ಪತ್ತೈದು ವರ್ಷ ಬಿಡದೆ ಒಂದೇ ಲೈಬ್ರರಿಯಿಂದ ಪುಸ್ತಕ ಒಯ್ದವಳು ಈ ದಿನ ಬಾರದೆ ಇರುತ್ತಾಳೆಯೇ?

*

ಹುಡುಗಿ ಲೈಬ್ರರಿಗೆ ಹೋದ ಮೊದಲ ದಿನ ಮೇಷ್ಟ್ರು ಇಪ್ಪತ್ತೈದು ರಿಜಿಸ್ಟರುಗಳನ್ನು ಒಂದೊಂದಾಗಿ ಒರೆಸಿ ಅವಳ ಮುಂದಿಟ್ಟಿದ್ದರು. ಯಾವ ದಿನ, ಯಾವ ಸಂಖ್ಯೆಯ ಸದಸ್ಯರು, ಯಾವ ಪುಸ್ತಕ ಒಯ್ದರು, ಯಾವತ್ತು ತಂದುಕೊಟ್ಟರು. ಎಲ್ಲ ಅವರದೇ ಅಕ್ಷರ, ಸಾಲುಗಟ್ಟಿ ಹೊರಟ ಇರುವೆಗಳ ಹಾಗೆ. ಸದಸ್ಯರ ಹೆಸರಿದ್ದ ಪುಸ್ತಕವನ್ನು ಗೆದ್ದಲು ತಿಂದಿತ್ತು. ಉಳಿದದ್ದು ಸಂಖ್ಯೆ, ಸೇರಿದಾಗಿನ ವಯಸ್ಸು, ಗಂಡೋ ಹೆಣ್ಣೋ ಎಂಬ ಗುರುತು.

ಅವಳು ಪುಟಪುಟದ ಫೋಟೋ ತೆಗೆದು ಏಳು ತಿಂಗಳು ಕೂತು ಕಂಪ್ಯೂಟರಿಗೆ ಹತ್ತಿಸಿದಳು. ನಲವತ್ತೊಂದು ಸಾವಿರ ಸಾಲು. ಒಬ್ಬೊಬ್ಬ ಓದುಗರೂ ಪರದೆಯ ಮೇಲೆ ಒಂದೊಂದು ಬಣ್ಣದ ಎಳೆಯಾದರು. ಎಳೆಗಳು ನಾಲ್ಕೈದು ವರ್ಷ ಓಡಿ ಕಡಿದುಹೋಗುತ್ತಿದ್ದವು. ಒಂದು ಮಾತ್ರ ಕಡಿಯಲಿಲ್ಲ. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಏಳು ಸಮುದ್ರದಾಚೆ ಯಾರ ಕಣ್ಣಿಗೂ ಬೀಳದೆ ಬೆಳೆಯುವ ಹುಡುಗಿಯರಿರುತ್ತಿದ್ದರಲ್ಲ, ಹಾಗೆ ಅಂಕಿಗಳ ನಡುವೆ ಒಬ್ಬಳು ಬೆಳೆದಿದ್ದಳು.

"ಇವಳು ಮುನ್ನೂರ ಹದಿನೆಂಟು, ಸರ್. ಸೇರಿದಾಗ ಐದು ವರ್ಷ. ಇಲ್ಲೀವರೆಗೆ ಬಂದಿದ್ದಾಳೆ ನೋಡಿ."

ಮೇಷ್ಟ್ರು ಕನ್ನಡಕ ಒರೆಸಿದರು, ಮತ್ತೊಮ್ಮೆ ಒರೆಸಿದರು, ಪರದೆಯ ಹತ್ತಿರ ಮುಖ ತಂದರು. "ಇದು ಅವಳಾ?"

"ಹೂಂ, ಸರ್."

"ಎಷ್ಟುದ್ದ ಆಗಿದಾಳೆ..."

"ಯಾರು ಸರ್ ಇವಳು? ಹೆಸರು ಹೇಳಿ, ಒಂದ್ಸಲ ಮಾತಾಡಿಸ್ಬೇಕು."

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿದರು. "ಯಾರು ಏನು ಓದಿದ್ರು ಅಂತ ಊರಿಗೆಲ್ಲ ಸಾರೋದಕ್ಕೆ ನಾನೇನು ಬಾಯಿಬಡುಕನಾ? ಓದುಗರ ಗುಟ್ಟು ಲೈಬ್ರರಿಯವನ ಹೊಟ್ಟೆಯಲ್ಲೇ ಇರ್ಬೇಕು. ಇದನ್ನೆಲ್ಲ ನಿಮ್ಮ ಕಾಲೇಜಲ್ಲಿ ಕಲಿಸಲ್ವೇನಮ್ಮ?"

ಕಲಿಸಿದ್ದರು, ಮೊದಲ ವರ್ಷವೇ. ಅವಳಿಗೆ ನಾಚಿಕೆಯಾಯಿತು. "ಹೋಗ್ಲಿ, ಇದೊಂದು ಹೇಳಿ. ಇವಳು ಒಯ್ದ ಹನ್ನೊಂದನೇ ಪುಸ್ತಕ ವಾಪಸ್ ಬಂದೇ ಇಲ್ಲ. ಆಮೆ ಚಿತ್ರದ್ದು. ಅದು ಬರೋವರೆಗೆ ಇನ್ನೊಂದು ಕೊಡೋ ಹಾಗಿಲ್ಲ ಅಲ್ವಾ? ಆದ್ರೂ ನಲವತ್ತು ದಿನ ಬಿಟ್ಟು ಮತ್ತೆ ಕೊಟ್ಟಿದ್ದೀರಿ. ಇಷ್ಟು ವರ್ಷದಲ್ಲಿ ನೀವು ನಿಯಮ ಮುರಿದಿರೋದು ಇದೊಂದೇ ಸಲ."

"ಕಳೆದುಹೋಯ್ತು ಅಂತ ಬರ್ಕೋ," ಎಂದರು ಮೇಷ್ಟ್ರು, ಕಿಟಕಿಯ ಕಡೆ ತಿರುಗಿ.

"ಅವಳು ಯಾವಾಗ ಬರ್ತಾಳೆ ಅಂತಾನಾದ್ರೂ ಹೇಳಿ."

"ಬರ್ತಾಳೆ. ನೀನು ಬರೋ ದಿನ ಬರಲ್ಲ, ಅಷ್ಟೆ."

*

ಹಿತ್ತಿಲ ಮೆಟ್ಟಿಲ ಮೇಲೆ ಮೇಷ್ಟ್ರ ಹೆಂಡತಿ ಒಬ್ಬರೇ ಕೂತಿದ್ದರು. ಹುಡುಗಿ ನೀರು ತಂದುಕೊಟ್ಟಳು. ಅವರು ಲೋಟ ಹಿಡಿದರು, ಕುಡಿಯಲಿಲ್ಲ.

"ಲೈಬ್ರರಿಯವರು ಯಾರಾದ್ರೂ ಬಂದ್ರೇನಮ್ಮ? ಓದೋರು?"

"ಇನ್ನೂ ಇಲ್ಲ, ಅಮ್ಮ."

"ದಿನಾ ತಡ ಮಾಡ್ಕೊಂಡು ಬರೋರು. ಕೇಳಿದ್ರೆ, ಓದೋರು ಕೂತಿದ್ರು, ಎಬ್ಬಿಸೋಕಾಗುತ್ತಾ ಅನ್ನೋರು. ನಾನೂ ಬೈದೂ ಬೈದೂ ಸಾಕಾಗಿ ಬಿಟ್ಟೆ. ಹೋಗಿ ನೋಡೋಣ ಅಂದ್ರೆ ಆ ಮೆಟ್ಟಿಲು ಹತ್ತೋಕೆ ನನಗೆ ಕಾಲೇ ಬರ್ತಿರ್ಲಿಲ್ಲ."

ಹುಡುಗಿ ಅವರ ಪಕ್ಕದಲ್ಲಿ ಕೂತಳು. ಈ ಹೊತ್ತಿನಲ್ಲಿ ಕೇಳಬಾರದೆಂದು ಗೊತ್ತಿತ್ತು. ನಾಲ್ಕೇ ದಿನವೆಂಬುದೂ ಗೊತ್ತಿತ್ತು.

"ಅಮ್ಮ, ಒಬ್ಬಳು ಇದ್ದಳು. ಐದನೇ ವಯಸ್ಸಿಂದ ಬರ್ತಿದ್ದಳು. ಮೇಷ್ಟ್ರು ಮನೇಲಿ ಅವಳ ಸುದ್ದಿ ಹೇಳಿರಬಹುದು. ಚಿಕ್ಕವಳಿದ್ದಾಗ ಒಂದು ಪುಸ್ತಕ ಒಯ್ದು ಕೊಡಲೇ ಇಲ್ಲವಂತೆ. ಆಮೆ ಚಿತ್ರ ಇರೋದು."

ಅವರು ಲೋಟವನ್ನು ಮೆಟ್ಟಿಲ ಮೇಲಿಟ್ಟರು.

"ಬೆನ್ನ ಮೇಲೆ ಮನೆ ಹೊತ್ಕೊಂಡು ಬೆಟ್ಟ ಹತ್ತೋ ಆಮೆ," ಎಂದರು ಮೇಷ್ಟ್ರ ಹೆಂಡತಿ. ಧ್ವನಿ ಬೇರೆಯಾಗಿತ್ತು. "ಜ್ವರದಲ್ಲೂ ಕೈ ಬಿಟ್ಟಿರ್ಲಿಲ್ಲ ಅದನ್ನ. ಮಣ್ಣು ಮಾಡೋವಾಗ ಇವರೇ ಅವಳ ಎದೆ ಮೇಲಿಟ್ರು. ಆರು ವರ್ಷ, ಎರಡು ತಿಂಗಳು. ನಮಗೆ ಅವಳೊಬ್ಬಳೇ."

ಹಿತ್ತಿಲಿನಲ್ಲಿ ಒಗೆದು ಹರವಿದ್ದ ಮೇಷ್ಟ್ರ ಅಂಗಿಯ ತೋಳು ಗಾಳಿಗೆ ಆಡುತ್ತಿತ್ತು. ನಲವತ್ತೊಂದು ಸಾವಿರ ಸಾಲುಗಳಲ್ಲಿ ಎಲ್ಲಕ್ಕಿಂತ ಉದ್ದದ ಎಳೆ ತನ್ನ ಕೈಯಲ್ಲೇ ಸುರುಳಿ ಬಿಚ್ಚಿಕೊಳ್ಳುತ್ತಿರುವುದು ಹುಡುಗಿಗೆ ತಿಳಿಯಿತು. ಓದಲು ಯಾರೂ ಕೂತಿರಲಿಲ್ಲ. ಮೇಷ್ಟ್ರು ಒಬ್ಬರೇ ಕೂತು ಮಗಳಿಗೆ ಪುಸ್ತಕ ಆರಿಸಿದ್ದರು, ಬರೆದುಕೊಂಡಿದ್ದರು, ಹದಿನೈದು ದಿನ ಕಾದು ವಾಪಸು ತೆಗೆದುಕೊಂಡಿದ್ದರು.

"ಆಮೇಲೂ ಬಂದಳಾ?" ಎಂದರು ಮೇಷ್ಟ್ರ ಹೆಂಡತಿ. ಅವರು ಹುಡುಗಿಯ ಮುಖವನ್ನೇ ನೋಡುತ್ತಿದ್ದರು. "ನೀನೇ ಅಂದೆಯಲ್ಲ, ಬರ್ತಿದ್ದಳು ಅಂತ. ಆಮೇಲೂ?"

ಇಲ್ಲ ಎನ್ನಬಹುದಿತ್ತು.

"ಬಂದಳು, ಅಮ್ಮ."

"ಏನು ಓದಿದಳು?"

"ಒಂದೆರಡು ವರ್ಷ ಬರೀ ರಾಜರ ಕತೆ, ದೆವ್ವದ ಕತೆ. ಆಮೇಲೆ ಲೆಕ್ಕದ ಪುಸ್ತಕ, ಒಂದನ್ನೇ ಐದು ಸಲ."

"ನನ್ನ ಹಾಗೆ. ಲೆಕ್ಕ ತಲೆಗೆ ಹತ್ತಲ್ಲ. ಆಮೇಲೆ?"

"ಹದಿನೇಳಕ್ಕೆ ಒಂದು ವರ್ಷ ಪೂರ್ತಿ ಪದ್ಯ."

"ಅಯ್ಯೋ, ಯಾರನ್ನೋ ಇಷ್ಟಪಟ್ಟಿರ್ಬೇಕು. ಆಮೇಲೆ?"

"ನರ್ಸಿಂಗ್ ಪಾಠದ ಪುಸ್ತಕಗಳು, ನಾಲ್ಕು ವರ್ಷ. ಐದು ವರ್ಷದ ಹಿಂದೆ ಹಸುಗೂಸಿನ ಆರೈಕೆ."

ಮೇಷ್ಟ್ರ ಹೆಂಡತಿ ಅವಳ ಮಣಿಕಟ್ಟು ಹಿಡಿದುಕೊಂಡರು. "ಗಂಡೋ? ಹೆಣ್ಣೋ?"

"ಪುಸ್ತಕದಿಂದ ಅದು ಗೊತ್ತಾಗಲ್ಲ, ಅಮ್ಮ." ಹುಡುಗಿ ಅವರ ಕೈಯ ಮೇಲೆ ತನ್ನ ಕೈಯಿಟ್ಟಳು. "ಎರಡು ವರ್ಷದಿಂದ ಮತ್ತೆ ಚಿತ್ರದ ಪುಸ್ತಕ ಒಯ್ತಿದಾಳೆ."

"ನನಗೆ ಒಂದು ಮಾತು ಹೇಳಲಿಲ್ಲ," ಎಂದರು ಮೇಷ್ಟ್ರ ಹೆಂಡತಿ. "ಎಲ್ಲ ಒಬ್ಬರೇ ನೋಡ್ಕೊಂಡ್ರು. ಓದು, ಮದುವೆ, ಬಾಣಂತನ... ನನ್ನನ್ನ ಒಂದು ದಿನಕ್ಕೂ ಕರೀಲಿಲ್ಲ."

"ಅಕ್ಕ, ಗಾಡಿ ಬಂತು," ಎಂದು ತಮ್ಮ ಒಳಗಿನಿಂದ ಕೂಗಿದ.

ಹೊರಗೆ ಹೋಗುವಾಗ ಹುಡುಗಿಯ ಫೋನು ಗುನುಗಿತು. ಮಾರ್ಗದರ್ಶಕಿ.

"ಸಿಕ್ಕಿದಳಾ?"

"ಇಲ್ಲ, ಮೇಡಂ. ಅಂಥ ಸದಸ್ಯೆ ಇಲ್ಲ. ಆ ಸಾಲುಗಳನ್ನ ಲೈಬ್ರರಿಯವರೇ ಬರ್ಕೊಂಡಿದ್ದಾರೆ."

"ಹಾಗಾದ್ರೆ ಮಿಕ್ಕ ರಿಜಿಸ್ಟರ್‌ನ ಯಾವ ಸಾಲನ್ನ ನಂಬ್ತೀಯಾ? ನಾಲ್ಕು ವರ್ಷದ ಕೆಲಸ ಕಣೇ, ಹೋಯ್ತು."

"ಹೌದು, ಮೇಡಂ."

*

ಚಿತಾಗಾರದ ಕಚೇರಿಯಲ್ಲಿ ಒಂದು ಮೇಜು, ಒಬ್ಬ ಗುಮಾಸ್ತ. ಒಳಗಿನ ಕಬ್ಬಿಣದ ಬಾಗಿಲು ಆಗಲೇ ಮುಚ್ಚಿತ್ತು. ಗುಮಾಸ್ತ ಮುದ್ರಿತ ಹಾಳೆಯೊಂದನ್ನು ಎಳೆದುಕೊಂಡು, ತಲೆಯೆತ್ತದೆ, ಪ್ರಶ್ನೆಯಿಂದ ಪ್ರಶ್ನೆಗೆ ಇಳಿಯುತ್ತಿದ್ದ. ಮೃತರ ವಯಸ್ಸು. ಉದ್ಯೋಗ. ಹೆಂಡತಿ ಇದ್ದಾರಾ.

"ಮಕ್ಕಳು?"

"ಇಲ್ಲ," ಎಂದ ತಮ್ಮ.

"ಒಬ್ಬಳು ಮಗಳು," ಎಂದರು ಮೇಷ್ಟ್ರ ಹೆಂಡತಿ.

ತಮ್ಮ ಬೆಚ್ಚಿ ತಿರುಗಿದ. "ಅಕ್ಕ..."

"ನೀನು ಸುಮ್ನಿರೋ."

ಗುಮಾಸ್ತ ಬರೆದುಕೊಂಡ. "ಮಗಳ ವಯಸ್ಸು?"

ಮೇಷ್ಟ್ರ ಹೆಂಡತಿ ಬಾಯಿ ತೆರೆದರು. ಬೆರಳು ಮಡಚಿ ಎಣಿಸಲು ನೋಡಿದರು, ಎಣಿಕೆ ತಪ್ಪಿತು. ತಿರುಗಿ ಸಂಶೋಧನೆಯ ಹುಡುಗಿಯನ್ನು ನೋಡಿದರು.

ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ರಿಜಿಸ್ಟರಿನಲ್ಲಿ ಸುಳ್ಳು ಸಾಲು ಬರೆದರೆ ಮುಂದೆ ಯಾರ ಬದುಕು ಮುರಿಯುತ್ತದೆ ಎಂಬುದನ್ನು ಆ ಕೋಣೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

"ಮೂವತ್ತು," ಎಂದಳು.

"ಕೆಲಸ?"

"ನರ್ಸು."

"ಮದುವೆ ಆಗಿದೆಯಾ?"

"ಆಗಿದೆ."

"ಒಂದು ಮೊಮ್ಮಗುನೂ ಇದೆ," ಎಂದರು ಮೇಷ್ಟ್ರ ಹೆಂಡತಿ.

"ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ."

"ಬದಿಯಲ್ಲಿ ಬರೀರಿ."

ಗುಮಾಸ್ತ ಮೊದಲ ಸಲ ತಲೆಯೆತ್ತಿದ. ಏನು ಕಂಡನೋ, ಹಾಳೆಯನ್ನು ಓರೆಯಾಗಿ ತಿರುಗಿಸಿ ಅಂಚಿನಲ್ಲಿ ಚಿಕ್ಕದಾಗಿ ಬರೆದ. ಮೇಷ್ಟ್ರ ಹೆಂಡತಿ ಮೇಜಿನ ಮೇಲೆ ಬಾಗಿ, ಇನ್ನೂ ಹಸಿಯಿದ್ದ ಆ ಶಾಯಿಯ ಮೇಲೆ, ಮಗುವಿನ ಬಿಸಿ ತುತ್ತು ಆರಿಸುವ ಹಾಗೆ, ಮೆಲ್ಲಗೆ ಊದಿದರು.