ಹಗ್ಗದ ಆಚೆ

ದೋಣಿ ಹತ್ತಿದಾಗಿನಿಂದ ಜೀವಶಾಸ್ತ್ರದ ಮೇಡಂ ಬಾಯಿಗೆ ಬಿಡುವೇ ಇರಲಿಲ್ಲ. ಹವಳ ಮುಟ್ಟಬಾರದು, ಬಿಸ್ಕತ್ತಿನ ಚೂರು ಚೆಲ್ಲಬಾರದು, ದ್ವೀಪದ ಮರಳಿನಲ್ಲಿ ಹಗ್ಗ ಕಟ್ಟಿದ ಕಡೆ ಕಾಲಿಡಲೇಬಾರದು. ಕಡಲಹಕ್ಕಿಗಳು ಅಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಅವರ ಶಾಲೆಯ ಹತ್ತು ಮಕ್ಕಳು ತಲೆಯಾಡಿಸಿ ಸುಸ್ತಾಗಿದ್ದರು. ಜೊತೆಗೆ ಬಂದಿದ್ದ ಮೇಡಂ ಓರಗಿತ್ತಿಗಂತೂ ಈ ಪಾಠದಲ್ಲಿ ಎರಡು ಪಾಲು. ಆಕೆ ಬಟ್ಟೆ ಹೊಲಿಯುವವಳು. ಆಮೆಯೊಂದನ್ನು ನೀರಿನೊಳಗೇ ನೋಡಬೇಕೆಂಬ ಒಂದೇ ಹುಚ್ಚಿಗೆ, ನಲವತ್ತೆರಡರ ವಯಸ್ಸಿನಲ್ಲಿ, ಪುಟ್ಟ ಮಕ್ಕಳ ನಡುವೆ ನಾಚಿಕೆ ಬಿಟ್ಟು ಆರು ತಿಂಗಳು ಈಜು ಕಲಿತಿದ್ದಳು.

ದಡದಲ್ಲಿ ದ್ವೀಪದ ಕಾವಲುಗಾರ ಮಕ್ಕಳಿಗೆ ಉಸಿರಾಟದ ಕೊಳವೆ, ಸ್ನಾರ್ಕೆಲ್, ಹಾಕಿಕೊಳ್ಳುವುದನ್ನು ಹೇಳಿಕೊಡುತ್ತಿದ್ದಾಗ ಮೇಡಂ ಕ್ಯಾಮೆರಾ ಹಿಡಿದು ಮೆಲ್ಲಗೆ ಜಾರಿಕೊಂಡರು. ಹಗ್ಗದಿಂದ ಹತ್ತು ಹೆಜ್ಜೆ ಆಚೆ ಹಕ್ಕಿಯೊಂದು ಕಾವು ಕೂತಿತ್ತು. ಈ ನಿಯಮವೆಲ್ಲ ತಿಳಿಯದವರಿಗೆ, ತಾನು ನೋಡಿಕೊಂಡು ಕಾಲಿಟ್ಟರಾಯಿತು ಎಂದುಕೊಂಡು ಅವರು ಹಗ್ಗ ದಾಟಿದರು. ಫೋಟೊ ಚೆನ್ನಾಗಿಯೇ ಬಂತು. ಹಿಂದೆ ಸರಿಯುವಾಗ ಕಾಲಡಿ ಏನೋ ಪಟ್ಟೆಂದು ಒಡೆಯಿತು. ಬೇರೊಂದು ಗೂಡಿನ ಎರಡು ಮೊಟ್ಟೆ, ಮರಳಿನದೇ ಬಣ್ಣ. ಈಚೆ ಓಡಿಬಂದರೆ, ಅವರನ್ನು ಕರೆಯಲು ಬಂದ ಓರಗಿತ್ತಿ ಹಗ್ಗದ ಪಕ್ಕದಲ್ಲೇ ನಿಂತಿದ್ದಳು.

ಹಕ್ಕಿಗಳ ಗಲಾಟೆ ಕೇಳಿ ಕಾವಲುಗಾರ ಬಂದ, ಹಿಂದೆಯೇ ಮಕ್ಕಳೂ ಬಂದರು. ಅವನು ಬಗ್ಗಿ ಮರಳು ನೋಡಿದ. ಎಲ್ಲರ ಕಾಲಲ್ಲೂ ಅವನೇ ಕೊಟ್ಟ ಒಂದೇ ನಮೂನೆಯ ರಬ್ಬರ್ ಚಪ್ಪಲಿ.

“ದೊಡ್ಡವರ ಹೆಜ್ಜೆ ಇದು. ಯಾರು ದಾಟಿದ್ದು?”

ಮಕ್ಕಳ ಕಣ್ಣೆಲ್ಲ ಒಟ್ಟಿಗೆ ಓರಗಿತ್ತಿಯ ಕಡೆ ಹೊರಳಿದವು. ಮೇಡಂ ಇರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ಆಕೆ ಮೇಡಂ ಮುಖ ನೋಡಿದಳು, ಸ್ವಲ್ಪ ಹೊತ್ತು ಕಾದಳು. ಮೇಡಂ ಕ್ಯಾಮೆರಾದ ಮುಚ್ಚಳ ಹಾಕುವುದರಲ್ಲಿ ಮುಳುಗಿಹೋಗಿದ್ದರು.

“ನಾನೇ. ಗೊತ್ತಾಗ್ಲಿಲ್ಲಣ್ಣ, ತಪ್ಪಾಯ್ತು,” ಎಂದಳು ಓರಗಿತ್ತಿ.

ಹಗ್ಗ ದಾಟಿದವರು ನೀರಿಗಿಳಿಯುವಂತಿಲ್ಲ, ದೋಣಿಯಲ್ಲೇ ಕೂರಬೇಕು ಎಂದ ಕಾವಲುಗಾರ. ಮೇಡಂ ಅಷ್ಟು ಸಲ ಹೇಳಿದ್ದರಲ್ಲ ಎಂದು ಹುಡುಗಿಯೊಬ್ಬಳು ಗೊಣಗಿದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಇಪ್ಪತ್ತು ವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡ ಮೇಡಂ ಸ್ನಾರ್ಕೆಲ್ ಬಾಯಿಗಿಟ್ಟುಕೊಂಡರು. ತೆಪ್ಪಗೆ ನೀರಿಗಿಳಿದರು.

ಆಮೆ ಬಂತು. ಹವಳದ ಮೇಲಿಂದ ಅವಸರವಿಲ್ಲದೆ ತೇಲಿಬಂದು, ಕೈಚಾಚಿದರೆ ಸಿಗುವಷ್ಟು ಹತ್ತಿರ ಸುಳಿದು ಹೋಯಿತು. ಮೇಡಂಗೆ ಅದನ್ನು ನೋಡಲು ಮನಸ್ಸಾಗಲಿಲ್ಲ. ಬೇರೆಯವರ ತಟ್ಟೆಗೆ ಕೈ ಹಾಕಿದ ಹಾಗಾಯಿತು. ದೋಣಿ ಹತ್ತಿದ ತಕ್ಷಣ ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಏಣಿ ಹಿಡಿದರು.

ಮೇಲಿನಿಂದ ಓರಗಿತ್ತಿ ಟವೆಲ್ ಬಿಡಿಸಿ ಹಿಡಿದಿದ್ದಳು.

“ಅಕ್ಕಾ, ಆಮೆ ಕಾಣಿಸ್ತಾ?”

“ಇಲ್ಲ ಕಣೇ. ಇವತ್ತು ಒಂದೂ ಇರಲಿಲ್ಲ.”

“ಸದ್ಯ, ನಾನೇನೂ ಕಳ್ಕೊಳ್ಳಲಿಲ್ಲ ಹಾಗಾದ್ರೆ,” ಎಂದು ಆಕೆ ನಿಜವಾಗಿಯೂ ಹಗುರಾಗಿ ನಕ್ಕಳು.

ಅಷ್ಟರಲ್ಲಿ ಆ ಗೊಣಗಿದ ಹುಡುಗಿ ಏಣಿ ಹತ್ತಿ, ಏದುಸಿರು ಬಿಡುತ್ತಾ ಎರಡೂ ಕೈ ಅಗಲಿಸಿದಳು.

“ಆಂಟಿ, ಇಷ್ಟು ದೊಡ್ಡ ಆಮೆ! ಮೇಡಂ ಪಕ್ಕದಲ್ಲೇ ಹೋಯ್ತು.”

ಓರಗಿತ್ತಿಯ ನಗು ನಿಂತಿತು. ಆಕೆ ಟವೆಲನ್ನು ಮೇಡಂ ಹೆಗಲಿಗೆ ಹೊದಿಸಿ, ದೋಣಿಯ ಆಚೆ ತುದಿಗೆ ಹೋಗಿ ಕೂತಳು.