ಮೂವತ್ತೆಂಟು ಮೀಟರ್

"ಸರಿಯಾಗಿ ಹಿಡಿಯೋ, ಟೇಪು ಸೊಟ್ಟಗಾಗ್ತಿದೆ!" ಬೂರುಲ್ ಸಿಡುಕಿದಳು. ರಸ್ತೆಯ ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ತಮ್ಮ ಕುಬಾತ್ ಟೇಪನ್ನು ನೆಲಕ್ಕೊತ್ತಿದ. ಅವನ ಲಾರಿ ಬ್ರೇಕು ಹಾಕಿದಾಗ ಡಾಂಬರಿನ ಮೇಲೆ ಬಿದ್ದ ಕಪ್ಪು ಗೆರೆ ಮೂರನೆಯ ಸಲವೂ ಮೂವತ್ತೆಂಟು ಮೀಟರೇ ಬಂತು.

ಗೆರೆ ಮುಗಿಯುವಲ್ಲಿಯೇ ನಾಲ್ಕು ದಿನದ ಹಿಂದೆ ಕುರಿಗಾಹಿ ಅಸಾನ್‌ಕುಲ್ ಎರಡೂ ಕಾಲು ಮುರಿದುಕೊಂಡು ಬಿದ್ದಿದ್ದ. ಊರೊಳಗೆ ವೇಗ ಗಂಟೆಗೆ ನಲವತ್ತು ಕಿಲೋಮೀಟರ್ ಮೀರುವಂತಿಲ್ಲ. ನಲವತ್ತರಲ್ಲೇ ಬರುತ್ತಿದ್ದೆ, ಅವನೇ ಕುಡಿದು ಅಡ್ಡ ಬಂದ ಎಂಬುದು ಕುಬಾತ್‌ನ ಮಾತು. ಕಂಡವರು ಯಾರೂ ಇರಲಿಲ್ಲ. ಪಂಚಾಯಿತಿ ನಡೆಸುವ ಮುಕಾಶ್ ಅಜ್ಜ, "ಗೆರೆ ಅಳೆದು ವೇಗ ಎಷ್ಟಿತ್ತು ಅಂತ ನಮ್ಮ ಫಿಸಿಕ್ಸ್ ಟೀಚರಮ್ಮ ಲೆಕ್ಕ ಹಾಕಿ ಹೇಳ್ಲಿ" ಎಂದುಬಿಟ್ಟಿದ್ದ. ತಮ್ಮನ ವಿಷಯ, ನನ್ನನ್ನು ಬಿಟ್ಟುಬಿಡಿ ಎಂದು ಬೂರುಲ್ ಬೇಡಿಕೊಂಡರೆ, "ನೀನೇ ಆಗ್ಬೇಕು ಅಂತ ಅಸಾನ್‌ಕುಲನ ಹೆಂಡ್ತೀನೇ ಕೇಳಿದ್ಲು ತಾಯಿ" ಎಂದಿದ್ದ.

ಮನೆಗೆ ಬಂದು ಬೂರುಲ್ ಹಳೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕಕ್ಕೆ ಕೂತಳು. ಎಂಬತ್ತೆರಡು. ಅಳಿಸಿ ಮತ್ತೆ ಮಾಡಿದಳು. ಎಂಬತ್ತೆರಡೇ. ರಸ್ತೆ ಒದ್ದೆಯಾಗಿತ್ತೆಂದು ಇಟ್ಟುಕೊಂಡರೂ ಅರವತ್ತೆರಡು. ಮಂಜುಗಡ್ಡೆ ಕಟ್ಟಿದ್ದರೆ ಮಾತ್ರ ತಮ್ಮ ಉಳಿಯುತ್ತಿದ್ದ. ಆದರೆ ಅವತ್ತೂ ಹಿತ್ತಲಲ್ಲಿ ಏಪ್ರಿಕಾಟ್ ಒಣಗುತ್ತಿದ್ದ ಸುಡುಬಿಸಿಲು.

"ಹನ್ನೆರಡು ಟನ್ ಕಲ್ಲಿದ್ದಲಿತ್ತಲ್ಲಕ್ಕ!" ಕುಬಾತ್ ಕೂಗಾಡಿದ. "ಅಷ್ಟು ಭಾರ ಥಟ್ಟಂತ ನಿಲ್ಲತ್ತಾ? ಅದನ್ನೂ ಸೇರಿಸು!"

"ಸೇರಿಸಿದೀನೋ! ಭಾರ ಹೆಚ್ಚಾದಷ್ಟೂ ನೆಲ ಹಿಡಿಯೋ ಬಲಾನೂ ಹೆಚ್ಚತ್ತೆ. ದ್ರವ್ಯರಾಶಿ ಎರಡೂ ಕಡೆ ಹೊಡ್ದು ಹೋಗತ್ತೆ. ಒಂಬತ್ತನೇ ಕ್ಲಾಸಲ್ಲಿ ನಿನಗೂ ನಾನೇ ಹೇಳ್ಕೊಟ್ಟಿದ್ದೆ."

"ನಿನ್ನ ಪುಸ್ತಕ ಯಾವತ್ತಾದ್ರೂ ಲಾರಿ ಓಡ್ಸಿದೆಯಾ?"

ಒತ್ತಿದ ರಭಸಕ್ಕೆ ಪೆನ್ಸಿಲ್ ಮೊನೆ ಮುರಿಯಿತು. ಇಪ್ಪತ್ತಾರು ವರ್ಷ ಮಕ್ಕಳ ಕೈಲಿ ಹಲಗೆಯ ಮೇಲೆ ಹೊಡೆದುಹಾಕಿಸಿದ, ದ್ರವ್ಯರಾಶಿಯ ಆ ಒಂದು ಅಕ್ಷರ, ಇವತ್ತೊಂದು ದಿನ ಹೋಗದೆ ಉಳಿಯಬಾರದಿತ್ತೇ ಎಂದು ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

"ನಿಜ ಹೇಳು. ಎಷ್ಟರಲ್ಲಿ ಬರ್ತಿದ್ದೆ?"

ಅವನು ಕಿಟಕಿಯತ್ತ ತಿರುಗಿದ. "ನಲವತ್ತೈದು ಅಂತ ಬರ್ಕೊಡಕ್ಕ. ಆ ಮುದುಕರಿಗೆ ಏನು ಗೊತ್ತಾಗತ್ತೆ?"

ಮರುದಿನ ಮಧ್ಯಾಹ್ನ ಮುಕಾಶ್ ಅಜ್ಜನ ಮನೆಯಲ್ಲಿ ಐವರು ಹಿರಿಯರು ಚಹಾ ಬಟ್ಟಲು ಕೆಳಗಿಟ್ಟು ಅವಳತ್ತ ನೋಡಿದರು. ಬಾಗಿಲ ಬಳಿ ಅಸಾನ್‌ಕುಲನ ಹೆಂಡತಿ ನಿಂತಿದ್ದಳು.

"ಎಂಬತ್ತೆರಡು," ಎಂದಳು ಬೂರುಲ್.

"ಇನ್ನೊಂದ್ಸಲ ನೋಡ್ತೀಯೇನಮ್ಮ?" ಅಜ್ಜನ ದನಿ ಮೆತ್ತಗಿತ್ತು.

"ಎಷ್ಟು ಸಲ ನೋಡಿದ್ರೂ ಅಷ್ಟೇ ಅಜ್ಜ."

ಮೂಲೆಯಲ್ಲಿ ಕೂತಿದ್ದ ಕುಬಾತ್ ಎದ್ದು ಹೊಸ್ತಿಲಿಗೆ ಹೋದ. ಅಲ್ಲಿ ರಾಶಿ ಬಿದ್ದಿದ್ದ ಬೂಟುಗಳಲ್ಲಿ ಅವನಿಗೆ ತನ್ನದು ಸಿಗಲಿಲ್ಲ. ಯಾರೂ ಏಳಲಿಲ್ಲ. ಬೂರುಲ್ ಹೋಗಿ ಮಂಡಿಯೂರಿ ಹುಡುಕಿ, ಎರಡನ್ನೂ ಹೊರಮುಖವಾಗಿ ತಿರುಗಿಸಿ ಅವನ ಮುಂದೆ ಜೋಡಿಸಿಟ್ಟಳು. ಅವನು ಕಾಲು ತೂರಿಸದೆ ಅವುಗಳನ್ನೇ ನೋಡುತ್ತಾ ನಿಂತ.